ಎರಡು ಚೀಟಿ, ಎರಡು ಡಬ್ಬ: ಬೊಂಬಾಯಿ ನಗರ ಉತ್ತರ ಕ್ಷೇತ್ರದ ಕತೆ

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹರೂಪ)



ನಿನ್ನೆ ರಾತ್ರಿ ಊಟ ಆದ ಮೇಲೆ ತಟ್ಟೆ ತೊಳೆಯೋ ಜಾಗದಲ್ಲಿ ಪಿಯುಸಿ ಓದೋ ಹುಡುಗನೊಬ್ಬ ನನ್ನ ಪಕ್ಕ ಬಂದು ನಿಂತ. ಏನೋ ಕೇಳಬೇಕು ಅಂತಿದ್ದ, ಕೇಳಕ್ಕೆ ನಾಚಿಕೆ. ಕೊನೆಗೆ ಕೇಳಿದ: "ಸಾರ್, ಬಾಬಾಸಾಹೇಬರು ಎಲೆಕ್ಷನ್‌ನಲ್ಲಿ ಸೋತರಂತಲ್ಲ, ಹೌದಾ? ನಮ್ಮ ಕ್ಲಾಸಲ್ಲಿ ಒಬ್ಬ ಹೇಳ್ದ, ನಿಮ್ಮೋರೇ ಅವರಿಗೆ ಓಟು ಹಾಕ್ಲಿಲ್ಲ ಅಂತ." ಉತ್ತರ ಗೊತ್ತಿಲ್ಲದೆ ಆ ಹುಡುಗ ಕ್ಲಾಸಿನಲ್ಲಿ ತಲೆ ತಗ್ಗಿಸಿ ಕೂತಿದ್ದನಂತೆ.

ಇವತ್ತು ನಾನು ಮಾತಾಡಬೇಕಾಗಿದ್ದುದು ಬೇರೆ ವಿಷಯ. ಅದನ್ನು ಬದಿಗಿಟ್ಟು ಈ ಪ್ರಶ್ನೆಯನ್ನೇ ಎತ್ತಿಕೊಳ್ತೀನಿ. ಏಕೆಂದರೆ ಸಂವಿಧಾನ ಬರೆದವರು, ದೇಶದ ಮೊದಲ ಕಾನೂನು ಮಂತ್ರಿಯಾಗಿದ್ದವರು, ಆ ಸಂವಿಧಾನದ ಪ್ರಕಾರ ನಡೆದ ಮೊದಲನೇ ಮಹಾಚುನಾವಣೆಯಲ್ಲೇ ಸೋತರು ಅನ್ನೋದನ್ನ ನಮ್ಮ ಭಾಷಣಕಾರರು ಒಂದೇ ಸಾಲಿನಲ್ಲಿ ದಾಟಿಸಿಬಿಡ್ತಾರೆ. "ಕುತಂತ್ರದಿಂದ ಸೋಲಿಸಿದರು" ಅಂತಾರೆ, ಚಪ್ಪಾಳೆ ಬೀಳುತ್ತೆ, ಮುಂದಕ್ಕೆ ಹೋಗ್ತಾರೆ. ಕುತಂತ್ರ ಇದ್ದರೂ ಅದು ಯಾವ ದಾರಿಯಲ್ಲಿ ನಡೀತು, ಯಾವ ನಿಯಮದ ಸಂದಿಯಲ್ಲಿ ನುಸುಳಿತು ಅಂತ ತಿಳ್ಕೋಬೇಡವೆ?

ಅವರು ಸೋತ ಕ್ಷೇತ್ರದ ಹೆಸರು ಬೊಂಬಾಯಿ ನಗರ ಉತ್ತರ. ಇಂದಿನ ಮುಂಬೈಯ ದ್ವೀಪ ಭಾಗದ ಉತ್ತರಾರ್ಧ. ಪರೇಲ್, ವರ್ಲಿ, ನಾಯ್‌ಗಾಂವ್, ದಾದರ್, ಅಂದರೆ ಹತ್ತಿ ಗಿರಣಿಗಳು, ಗಿರಣಿ ಸುತ್ತ ಚಾಳುಗಳು. ಕೊಂಕಣದಿಂದ, ಘಟ್ಟದ ಮೇಲಿಂದ ಊರ ಹೊರಗಿನ ಕೇರಿ ಬಿಟ್ಟು ಬಂದ ನಮ್ಮ ಜನ ಇಲ್ಲಿಯ ಬಿಡಿಡಿ ಚಾಳುಗಳಲ್ಲಿ ಒಂದು ಖೋಲಿಗೆ ಹತ್ತು ಜನದಂತೆ ಬದುಕಿದರು. ಬಾಬಾಸಾಹೇಬರು ಸ್ವತಃ ವರ್ಷಗಟ್ಟಲೆ ಪರೇಲಿನ ಬಿಐಟಿ ಚಾಳಿನಲ್ಲಿದ್ದವರು. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಹುಟ್ಟಿದ್ದು ಪರೇಲಿನ ದಾಮೋದರ್ ಹಾಲ್‌ನಲ್ಲಿ. ಆಮೇಲೆ ಪುಸ್ತಕಗಳಿಗೋಸ್ಕರ ಅಂತಲೇ ಕಟ್ಟಿಸಿದ ಮನೆ 'ರಾಜಗೃಹ' ದಾದರಿನಲ್ಲಿ. ಅಂದರೆ ಅವರು ಸೋತದ್ದು ಪರಸ್ಥಳದಲ್ಲಲ್ಲ, ಮನೆ ಬಾಗಿಲಲ್ಲೇ.

ಇದು ಒಬ್ಬರನ್ನು ಆರಿಸುವ ಕ್ಷೇತ್ರವಾಗಿರಲಿಲ್ಲ, ಇಬ್ಬರನ್ನು ಆರಿಸುವ ಕ್ಷೇತ್ರ. 1952ರ ಚುನಾವಣೆಯಲ್ಲಿ ಲೋಕಸಭೆಯ 489 ಸ್ಥಾನಗಳಿಗೆ ಇದ್ದ ಕ್ಷೇತ್ರಗಳು 401. ಅವುಗಳಲ್ಲಿ 86 ಕ್ಷೇತ್ರಗಳು ದ್ವಿಸದಸ್ಯ ಕ್ಷೇತ್ರಗಳು. ಬಂಗಾಳದಲ್ಲಿ ಒಂದು ಕಡೆ ಮೂವರು ಕೂಡ ಇದ್ದರು. ದ್ವಿಸದಸ್ಯ ಕ್ಷೇತ್ರದಲ್ಲಿ ಪರಿಶಿಷ್ಟರಿಗೆ ಒಂದು ಸ್ಥಾನ ಮೀಸಲು, ಇನ್ನೊಂದು ಎಲ್ಲರಿಗೂ ತೆರೆದದ್ದು. ಮತದಾರ ಯಾರೇ ಆಗಿರಲಿ, ಬ್ರಾಹ್ಮಣನೋ ಮರಾಠನೋ ಮುಸಲ್ಮಾನನೋ ನಮ್ಮವನೋ, ಅವನಿಗೆ ಎರಡು ಓಟು.

ಈಗಿನ ಥರ ಗುಂಡಿ ಒತ್ತೋದಲ್ಲ, ಮುದ್ರೆ ಹಾಕೋದೂ ಅಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಕಬ್ಬಿಣದ ಡಬ್ಬ, ಡಬ್ಬದ ಮೇಲೆ ಅವರ ಗುರುತು. ಕಾಂಗ್ರೆಸ್ಸಿಗೆ ನೊಗ ಹೊತ್ತ ಜೋಡೆತ್ತು, ಸೋಷಲಿಸ್ಟರಿಗೆ ಮರ, ಕಮ್ಯುನಿಸ್ಟರಿಗೆ ತೆನೆ ಕುಡುಗೋಲು, ಬಾಬಾಸಾಹೇಬರ ಶೆಡ್ಯೂಲ್ಡ್ ಕಾಸ್ಟ್ಸ್ ಫೆಡರೇಷನ್ನಿಗೆ ಆನೆ. ಆ ಡಬ್ಬಗಳಲ್ಲಿ ಲಕ್ಷಾಂತರ ತಯಾರಾದದ್ದು ಅದೇ ಬೊಂಬಾಯಿಯ ಹೊರವಲಯದ ವಿಕ್ರೋಳಿಯ ಗೋದ್ರೆಜ್ ಕಾರ್ಖಾನೆಯಲ್ಲಿ. ಮತದಾರನಿಗೆ ಎರಡು ಚೀಟಿ ಕೊಡ್ತಾರೆ. ಅವನು ಮರೆಗೆ ಹೋಗಿ ಎರಡು ಬೇರೆ ಬೇರೆ ಡಬ್ಬಕ್ಕೆ ಹಾಕಬೇಕು. ಎರಡನ್ನೂ ಒಂದೇ ಡಬ್ಬಕ್ಕೆ ಹಾಕಿದರೆ ಒಂದು ಲೆಕ್ಕಕ್ಕೆ, ಇನ್ನೊಂದು ಕಸಕ್ಕೆ.

ಈ ಒಂದು ನಿಯಮ ನೆನಪಿಡಿ. ಇಡೀ ಕತೆ ಇದರ ಮೇಲೇ ನಿಂತಿದೆ.

ಇದೇ ಬೀದಿಗಳಲ್ಲಿ ಹದಿನೈದು ವರ್ಷ ಹಿಂದೆ ಬಾಬಾಸಾಹೇಬರು ಗೆದ್ದಿದ್ದರು. 1937ರ ಬೊಂಬಾಯಿ ಪ್ರಾಂತ್ಯದ ಶಾಸನಸಭೆ ಚುನಾವಣೆ. ಹಿಂದಿನ ವರ್ಷವಷ್ಟೇ ಕಟ್ಟಿದ್ದ ಸ್ವತಂತ್ರ ಕಾರ್ಮಿಕ ಪಕ್ಷದಿಂದ ಬೈಕುಲ್ಲಾ-ಪರೇಲ್ ಕಡೆ ನಿಂತರು. ಕಾಂಗ್ರೆಸ್ಸು ಅವರ ಎದುರಿಗೆ ನಿಲ್ಲಿಸಿದ್ದು ಯಾರನ್ನ ಗೊತ್ತಾ? ಪಲ್ವಂಕರ್ ಬಾಲೂ ಅವರನ್ನ. ನಮ್ಮ ಧಾರವಾಡದಲ್ಲಿ ಹುಟ್ಟಿದವರು, ಚಮ್ಮಾರ ಸಮುದಾಯದವರು, 1911ರಲ್ಲಿ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ಉರುಳಿಸಿ ಬಂದ ಬೌಲರ್. ಕ್ರಿಕೆಟ್ ಹುಚ್ಚಿರೋ ಹುಡುಗರು ಈ ಹೆಸರು ಬರ್ಕೊಳ್ಳಿ, ನಿಮ್ಮ ಪಠ್ಯಪುಸ್ತಕದಲ್ಲಿ ಸಿಗಲ್ಲ. ಬಾಬಾಸಾಹೇಬರಿಗೆ 13,245 ಓಟು, ಬಾಲೂಗೆ 11,225.

1937ರಲ್ಲಿ ಗೆದ್ದದ್ದು ಯಾಕೆ, 1952ರಲ್ಲಿ ಸೋತದ್ದು ಯಾಕೆ? ಕಾರಣ ಹಲವು. 1937ರಲ್ಲಿ ಓಟಿನ ಹಕ್ಕು ಎಲ್ಲರಿಗೂ ಇರಲಿಲ್ಲ, 1952ರ ಹೊತ್ತಿಗೆ 21 ತುಂಬಿದ ಎಲ್ಲರಿಗೂ ಬಂದಿತ್ತು. ಆದರೆ ಯಾರೂ ಹೇಳದ ಒಂದು ಕಾರಣ ಓಟು ಹಾಕೋ ವಿಧಾನದಲ್ಲಿದೆ. 1937ರಲ್ಲಿ ಬೊಂಬಾಯಿ ಪ್ರಾಂತ್ಯದಲ್ಲಿ ಇದ್ದದ್ದು ಒಟ್ಟುಗೂಡಿಸುವ ಪದ್ಧತಿ. ಮತದಾರ ತನಗಿರೋ ಓಟುಗಳನ್ನೆಲ್ಲ ಬೇಕಾದರೆ ಒಬ್ಬರಿಗೇ ಸುರೀಬಹುದು. 1952ರಲ್ಲಿ ಅದು ಹಂಚುವ ಪದ್ಧತಿಯಾಯಿತು. ಒಬ್ಬರಿಗೆ ಒಂದೇ. ಎರಡನೆಯದು ಇನ್ನೊಬ್ಬರಿಗೆ ಕೊಡು, ಇಲ್ಲಾ ಎಸೆದುಬಿಡು.

ಬೋರ್ಡಿನ ಮೇಲೆ ಲೆಕ್ಕ ಹಾಕೋಣ. ಇದು ಬರೀ ಉದಾಹರಣೆಗೆ, ಬೊಂಬಾಯಿಯ ಅಂಕಿ ಅಂತ ಬರ್ಕೋಬೇಡಿ. ನೂರು ಜನ ಮತದಾರರು, ಅದರಲ್ಲಿ ನಮ್ಮವರು 15, ಬೇರೆಯವರು 85. ನಮ್ಮ 15 ಜನವೂ ಒಂದು ಮಾತಿಗೆ ನಿಂತರು, ಒಬ್ಬನೂ ಒಡೆದು ಹೋಗಲಿಲ್ಲ. ಹಳೇ ಪದ್ಧತಿಯಲ್ಲಿ 15 ಜನರ ಎರಡೆರಡು ಓಟು ಸೇರಿ ನಮ್ಮ ಅಭ್ಯರ್ಥಿಗೆ 30. ಹೊಸ ಪದ್ಧತಿಯಲ್ಲಿ 15 ಮಾತ್ರ. ಈ ಕಡೆ 85 ಜನ ಮೊದಲನೇ ಓಟನ್ನು ತಮ್ಮವನಿಗೆ ಹಾಕಿ ಆಯ್ತು. ಕೈಯಲ್ಲಿ ಎರಡನೇ ಚೀಟಿ ಉಳಿದಿದೆ. ಅದನ್ನು ತಮಗೆ ಒಗ್ಗುವ, ತಮ್ಮ ಪಕ್ಷ ನಿಲ್ಲಿಸಿದ ಇನ್ನೊಬ್ಬ ಪರಿಶಿಷ್ಟನಿಗೆ ಹಾಕ್ತಾರೆ. ಬರೀ 20 ಜನ ಹಾಕಿದರೂ ಸಾಕು. 20 ದೊಡ್ಡದೋ 15 ದೊಡ್ಡದೋ? ನಮ್ಮವರು ನೂರಕ್ಕೆ ನೂರು ನಮ್ಮವನಿಗೇ ಹಾಕಿದರೂ ಮೀಸಲು ಸ್ಥಾನದಲ್ಲಿ ಕೂರೋನು ಬೇರೆಯವನು.

ಈಗ ಆ ಕ್ಲಾಸಿನ ಹುಡುಗನಿಗೆ ಅರ್ಧ ಉತ್ತರ ಸಿಕ್ತು. "ನಿಮ್ಮೋರೇ ಹಾಕ್ಲಿಲ್ಲ" ಅನ್ನೋಕೆ ಆ ಫಲಿತಾಂಶದಿಂದ ಏನೂ ಆಧಾರ ಸಿಗಲ್ಲ. ನಮ್ಮೋರೆಲ್ಲ ಹಾಕಿದರೂ ಸೋಲಿಸುವ ಹಾಗಿತ್ತು ಆ ಯಂತ್ರ.

ಈ ಎರಡು ಓಟಿನ ಮಾತು ನಮಗೆ ಹೊಸದಲ್ಲ. 1932ರ ಆಗಸ್ಟಿನಲ್ಲಿ ಬ್ರಿಟಿಷರು ಕೊಟ್ಟ ತೀರ್ಪಿನಲ್ಲೂ ನಮಗೆ ಎರಡು ಓಟಿತ್ತು. ಒಂದು, ನಾವು ನಾವೇ ಸೇರಿ ನಮ್ಮ ಪ್ರತಿನಿಧಿಯನ್ನು ಆರಿಸೋದಕ್ಕೆ. ಇನ್ನೊಂದು, ಸಾಮಾನ್ಯ ಕ್ಷೇತ್ರದಲ್ಲಿ ಎಲ್ಲರ ಜೊತೆ ಹಾಕೋದಕ್ಕೆ. ಮೊದಲನೆಯದು ನಮ್ಮ ನಾಯಕ ನಮ್ಮವನೇ ಆಗಿರೋ ಹಾಗೆ ನೋಡಿಕೊಳ್ತಿತ್ತು. ಎರಡನೆಯದು ಸವರ್ಣೀಯ ಅಭ್ಯರ್ಥಿ ನಮ್ಮ ಕೇರಿಗೆ ಬಂದು ಕೈಮುಗಿಯೋ ಹಾಗೆ ಮಾಡ್ತಿತ್ತು. ಗಾಂಧೀಜಿ ಯರವಡಾ ಜೈಲಿನಲ್ಲಿ ಉಪವಾಸ ಕೂತರು. ಸೆಪ್ಟೆಂಬರ್ 24ಕ್ಕೆ ಪೂನಾ ಒಪ್ಪಂದ. ಸ್ಥಾನಗಳು 71ರಿಂದ 148ಕ್ಕೆ ಏರಿದವು, ನಮ್ಮದೇ ಆದ ಓಟು ಹೋಯಿತು. ಇಪ್ಪತ್ತು ವರ್ಷ ಆದ ಮೇಲೆ ಬೊಂಬಾಯಿ ನಗರ ಉತ್ತರದಲ್ಲಿ ಮತ್ತೆ ಎರಡು ಚೀಟಿ ಕೈಗೆ ಬಂದಾಗ ಅವು ನೋಡೋಕೆ ಅವೇ ಎರಡು ಓಟಿನ ಹಾಗೆ ಕಂಡವು. ಆದರೆ ಆಗ ಎರಡು ಓಟು ಇದ್ದದ್ದು ನಮಗೆ. ಈಗ ಎರಡು ಓಟು ಎಲ್ಲರಿಗೂ. ವ್ಯತ್ಯಾಸ ಇಷ್ಟೇ, ಆದರೆ ಎಲ್ಲಾ ವ್ಯತ್ಯಾಸವೂ ಅದೇ.

ಇನ್ನು ಚುನಾವಣೆಗೆ ಬರೋಣ. 1951ರ ಸೆಪ್ಟೆಂಬರಿನಲ್ಲಿ ಹಿಂದೂ ಕೋಡ್ ಬಿಲ್ಲಿನ ವಿಷಯದಲ್ಲಿ ಬೇಸತ್ತು ಬಾಬಾಸಾಹೇಬರು ನೆಹರೂ ಮಂತ್ರಿಮಂಡಲದಿಂದ ಹೊರಬಂದಿದ್ದರು. ಆರೋಗ್ಯ ಕೆಟ್ಟಿತ್ತು. ಫೆಡರೇಷನ್ನು ಸೋಷಲಿಸ್ಟ್ ಪಕ್ಷದ ಜೊತೆ ಹೊಂದಾಣಿಕೆ ಮಾಡಿಕೊಂಡಿತು. ಸಾಮಾನ್ಯ ಸ್ಥಾನಕ್ಕೆ ಅಶೋಕ ಮೆಹ್ತಾ, ಮೀಸಲು ಸ್ಥಾನಕ್ಕೆ ಅಂಬೇಡ್ಕರ್. ನಮ್ಮವರು ಒಂದು ಚೀಟಿ ಆನೆಗೆ, ಒಂದು ಮರಕ್ಕೆ. ಸೋಷಲಿಸ್ಟರು ಒಂದು ಮರಕ್ಕೆ, ಒಂದು ಆನೆಗೆ. ಇದು ಮಾತು. ಕಾಂಗ್ರೆಸ್ಸಿನಿಂದ ವಿಠ್ಠಲ ಬಾಲಕೃಷ್ಣ ಗಾಂಧಿ ಮತ್ತು ನಾರಾಯಣ ಸದೋಬಾ ಕಜ್ರೋಳ್ಕರ್. ಕಮ್ಯುನಿಸ್ಟರಿಂದ ಗಿರಣಿ ಕಾರ್ಮಿಕರ ನಾಯಕ ಡಾಂಗೆ.

ಡಾಂಗೆ ಅಂದಾಗ ಒಂದು ವಿಷಯ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗಲ್ಲ. ಬೊಂಬಾಯಿಯ ಗಿರಣಿಗಳಲ್ಲಿ ನೇಯ್ಗೆ ಖಾತೆಗೆ ನಮ್ಮವರನ್ನು ಸೇರಿಸ್ತಿರಲಿಲ್ಲ. ಯಾಕೆ? ಲಾಳಿಯೊಳಗಿನ ನೂಲು ತುಂಡಾದರೆ ಅದನ್ನು ಬಾಯಿಂದ ಹೀರಿ ಲಾಳಿಯ ತೂತಿನಿಂದ ಎಳೀಬೇಕಿತ್ತು. ನಮ್ಮವನ ಬಾಯಿ ತಾಗಿದ ಲಾಳಿಗೆ ತಾನು ಬಾಯಿ ಹಚ್ಚಲ್ಲ ಅಂದ ಸವರ್ಣೀಯ ಕಾರ್ಮಿಕ. ನೇಯ್ಗೆ ಖಾತೆಯಲ್ಲೇ ಸಂಬಳ ಹೆಚ್ಚು. 1928ರ ದೊಡ್ಡ ಮುಷ್ಕರದ ಕಾಲದಲ್ಲಿ ಬಾಬಾಸಾಹೇಬರು ಈ ಬೇಡಿಕೆಯನ್ನೂ ನಿಮ್ಮ ಪಟ್ಟಿಗೆ ಸೇರಿಸಿ ಅಂತ ಕೆಂಬಾವುಟದ ಸಂಘದವರನ್ನು ಕೇಳಬೇಕಾಯ್ತು. ಅವರಾಗಿ ಅವರಿಗೆ ಹೊಳೆದಿರಲಿಲ್ಲ! ಆದರೂ 1938ರ ನವೆಂಬರ್ 7ರಂದು ಕೈಗಾರಿಕಾ ವಿವಾದ ಮಸೂದೆ ವಿರುದ್ಧ ಇಬ್ಬರೂ ಒಟ್ಟಾಗಿ ಮುಷ್ಕರ ನಡೆಸಿದರು. ಒಂದು ದಿನ ಜೊತೆ, ಹತ್ತು ವರ್ಷ ದೂರ, ಹೀಗಿತ್ತು ಆ ಸಂಬಂಧ. 1952ರಲ್ಲಿ ಎದುರು ಬದುರು.

ಫಲಿತಾಂಶ ಬಂತು. ಎರಡೂ ಸ್ಥಾನ ಕಾಂಗ್ರೆಸ್ಸಿಗೆ. ಕಜ್ರೋಳ್ಕರರಿಗೆ 1,38,137, ಬಾಬಾಸಾಹೇಬರಿಗೆ 1,23,576. ಅಂತರ 14,561. ಒಟ್ಟು ಲೆಕ್ಕದಲ್ಲಿ ಬಾಬಾಸಾಹೇಬರು ನಾಲ್ಕನೆಯವರು. ಅಶೋಕ ಮೆಹ್ತಾರೂ ಸೋತರು, ಆದರೆ ಮೆಹ್ತಾಗೆ ಬಿದ್ದಷ್ಟು ಬಾಬಾಸಾಹೇಬರಿಗೆ ಬೀಳಲಿಲ್ಲ. ಮರದ ಡಬ್ಬಕ್ಕೆ ಹಾಕಿದ ಕೈಗಳಲ್ಲಿ ಎಷ್ಟು ಕೈ ಆನೆಯ ಡಬ್ಬದ ಹತ್ತಿರ ಹೋಗಿ ಹಿಂದಕ್ಕೆ ಬಂದವೋ, ನೀವೇ ಯೋಚನೆ ಮಾಡಿ.

ಮೆಹ್ತಾ ಮತ್ತು ಬಾಬಾಸಾಹೇಬರು ಜೊತೆಯಾಗಿ ಚುನಾವಣಾ ತಕರಾರು ಅರ್ಜಿ ಹಾಕಿದರು. 74,333 ಮತಚೀಟಿಗಳನ್ನು ಎಣಿಸದೆ ತಿರಸ್ಕರಿಸಲಾಗಿದೆ ಎಂಬುದು ಅರ್ಜಿಯಲ್ಲಿದ್ದ ಮಾತು. ಅಂತರ ಹದಿನಾಲ್ಕೂವರೆ ಸಾವಿರ, ಕಸಕ್ಕೆ ಹೋದದ್ದು ಎಪ್ಪತ್ತನಾಲ್ಕು ಸಾವಿರ. ಎರಡನೇ ಓಟನ್ನು ಬೇಕೆಂದೇ ಹಾಳು ಮಾಡಿ ಅಂತ ಕಮ್ಯುನಿಸ್ಟರು ಜನರಿಗೆ ಹೇಳಿಕೊಟ್ಟರು ಎಂಬುದು ಬಾಬಾಸಾಹೇಬರ ದೂರು. ಅರ್ಜಿ ವಜಾ ಆಯ್ತು. ಹಾಗೆ ಹಾಳಾದ ಓಟುಗಳೆಲ್ಲ ಆನೆಗೇ ಬರಬೇಕಾಗಿದ್ದವು ಅಂತ ನಾನು ಹೇಳೋಲ್ಲ, ಅದನ್ನು ಯಾರೂ ಸಾಬೀತು ಮಾಡಕ್ಕಾಗಲ್ಲ. ಓದು ಬಾರದ ಎಷ್ಟೋ ಜನ ಪ್ರೀತಿಯಿಂದ ಎರಡೂ ಚೀಟಿ ಒಂದೇ ಡಬ್ಬಕ್ಕೆ ಹಾಕಿರಬಹುದು. 1937ರಲ್ಲಾಗಿದ್ದರೆ ಎರಡೂ ಲೆಕ್ಕಕ್ಕೆ ಬರ್ತಿದ್ದವು.

ಕಜ್ರೋಳ್ಕರರ ಬಗ್ಗೆಯೂ ಒಂದು ಮಾತು. ನಮ್ಮ ಸಭೆಗಳಲ್ಲಿ ಅವರ ಹೆಸರೆತ್ತಿದರೆ 'ಚಮಚಾ' ಅಂತ ಕೂಗ್ತೀರಿ. ನನಗೆ ಆ ಕೂಗು ಸರಿ ಕಾಣಲ್ಲ. ಅವರೂ ಅಸ್ಪೃಶ್ಯರೇ, ಚಮ್ಮಾರರು. ಬಾಬಾಸಾಹೇಬರು ಮಹಾರರು. 1937ರಲ್ಲಿ ಬಾಲೂ, 1952ರಲ್ಲಿ ಕಜ್ರೋಳ್ಕರ್, ಎರಡು ಸಲವೂ ಕಾಂಗ್ರೆಸ್ಸು ಚಮ್ಮಾರ ಸಮುದಾಯದಿಂದಲೇ ಹುಡುಕಿ ತಂದು ನಿಲ್ಲಿಸಿತು. ಇದು ಆಕಸ್ಮಿಕವೆ? ನಮ್ಮೊಳಗೆ ಬಿರುಕು ಇದ್ದದ್ದು ಅವರಿಗೆ ಕಂಡಿತು, ಅಲ್ಲಿ ಬೆಣೆ ಹೊಡೆದರು. ಬೆಣೆಯನ್ನು ಬೈದು ಏನು ಪ್ರಯೋಜನ? ಈ ಹಾಸ್ಟೆಲ್ಲಿನಲ್ಲೇ ಎಡಗೈಯವರ ರೂಮು, ಬಲಗೈಯವರ ರೂಮು ಅಂತ ಇದೆಯಂತೆ. ಹೌದೋ ಅಲ್ಲವೋ? ಯಾಕೆ ಎಲ್ಲರೂ ನೆಲ ನೋಡ್ತೀರಿ?

1952ರ ಏಪ್ರಿಲ್‌ನಲ್ಲಿ ಬಾಬಾಸಾಹೇಬರು ರಾಜ್ಯಸಭೆಗೆ ಹೋದರು. 1954ರಲ್ಲಿ ಭಂಡಾರಾ ಉಪಚುನಾವಣೆ. ಅದೂ ದ್ವಿಸದಸ್ಯ ಕ್ಷೇತ್ರ, ಜೊತೆಗೆ ಅದೇ ಅಶೋಕ ಮೆಹ್ತಾ. ಮೆಹ್ತಾ ಗೆದ್ದರು, ಬಾಬಾಸಾಹೇಬರು ಎಂಟು ಸಾವಿರ ಚಿಲ್ಲರೆ ಓಟಿನಿಂದ ಸೋತರು. ಬೊಂಬಾಯಿಯ ಪಾಠವೇ ಮತ್ತೊಮ್ಮೆ. ಲೋಕಸಭೆಯ ಮೆಟ್ಟಿಲನ್ನು ಅವರು ಕೊನೆಗೂ ಹತ್ತಲಿಲ್ಲ.

ಹಾಗಾದರೆ ದ್ವಿಸದಸ್ಯ ಕ್ಷೇತ್ರ ಅಂದರೆ ನಮಗೆ ಬರೀ ಗುಂಡಿಯೆ? ಇಲ್ಲ. ಅದೇ 1952ರಲ್ಲಿ ಫೆಡರೇಷನ್ ದೇಶದಲ್ಲಿ ಎರಡು ಲೋಕಸಭಾ ಸ್ಥಾನ ಗೆದ್ದಿತು. ಸೊಲ್ಲಾಪುರದಲ್ಲಿ ಪಿ.ಎನ್. ರಾಜಭೋಜ್, ಕರೀಂನಗರದಲ್ಲಿ ಎಂ.ಆರ್. ಕೃಷ್ಣ. ಎರಡೂ ದ್ವಿಸದಸ್ಯ ಕ್ಷೇತ್ರಗಳೇ. ಸೊಲ್ಲಾಪುರದಲ್ಲಿ ಜೊತೆಗೆ ಗೆದ್ದವರು ರೈತ ಕಾರ್ಮಿಕ ಪಕ್ಷದ ಶಂಕರರಾವ್ ಮೋರೆ, ಕರೀಂನಗರದಲ್ಲಿ ತೆಲಂಗಾಣ ರೈತ ಹೋರಾಟದ ಬದ್ದಂ ಎಲ್ಲಾರೆಡ್ಡಿ. ಆ ಎರಡು ಕಡೆ ಜೊತೆಯವರ ಎರಡನೇ ಚೀಟಿ ದಾರಿ ತಪ್ಪಲಿಲ್ಲ.

ಬೊಂಬಾಯಿಯಲ್ಲೂ ಆ ದಿನ ಬಂತು. 1957ರ ಹೊತ್ತಿಗೆ ಗಡಿಗಳನ್ನು ಬದಲಾಯಿಸಿದ್ದರು. 'ಬೊಂಬಾಯಿ ನಗರ ಉತ್ತರ' ಅನ್ನೋ ಹೆಸರು ಒಬ್ಬರೇ ಸದಸ್ಯರ ಬೇರೊಂದು ಕ್ಷೇತ್ರಕ್ಕೆ ಹೋಯಿತು, ಅಲ್ಲಿಂದ ಕೃಷ್ಣ ಮೆನನ್ ಗೆದ್ದರು. ಜೋಡಿ ಸ್ಥಾನ 'ಬೊಂಬಾಯಿ ನಗರ ಮಧ್ಯ'ಕ್ಕೆ ಬಂತು. ಸಂಯುಕ್ತ ಮಹಾರಾಷ್ಟ್ರ ಚಳವಳಿ ಕುದೀತಾ ಇತ್ತು. ಸಮಿತಿಯಲ್ಲಿ ಕಮ್ಯುನಿಸ್ಟರು, ಸಮಾಜವಾದಿಗಳು, ಫೆಡರೇಷನ್ ಎಲ್ಲರೂ ಒಂದು. ಸಾಮಾನ್ಯ ಸ್ಥಾನಕ್ಕೆ ಅದೇ ಡಾಂಗೆ, ಮೀಸಲಿಗೆ ಫೆಡರೇಷನ್ನಿನ ಜಿ.ಕೆ. ಮಾನೆ. ಇಬ್ಬರೂ ಗೆದ್ದರು! ಐದು ವರ್ಷ ಹಿಂದೆ ಯಾರು ಓಟು ಹಾಳು ಮಾಡಿಸಿದರು ಅಂತ ದೂರಿತ್ತೋ, ಅವರ ಜೊತೆಯಲ್ಲೇ. ಬಾಬಾಸಾಹೇಬರು ಅದನ್ನು ನೋಡಲಿಲ್ಲ, 1956ರ ಡಿಸೆಂಬರ್ 6ರಂದು ತೀರಿಕೊಂಡಿದ್ದರು. ಆ ಚುನಾವಣೆಯಲ್ಲಿ ನಾಸಿಕದಿಂದ ದಾದಾಸಾಹೇಬ್ ಗಾಯಕ್‌ವಾಡ್ ಗೆದ್ದರು. ಆಗ ಮೈಸೂರು ರಾಜ್ಯಕ್ಕೆ ಸೇರಿದ್ದ ನಮ್ಮ ಚಿಕ್ಕೋಡಿಯಿಂದಲೂ ಫೆಡರೇಷನ್ನಿನ ದತ್ತಾ ಅಪ್ಪಾ ಕಟ್ಟಿ ಲೋಕಸಭೆಗೆ ಹೋದರು. ಬೆಳಗಾವಿ ಕಡೆ ಹುಡುಗರು ಇದ್ದೀರಲ್ಲ, ಇದನ್ನು ನಿಮ್ಮೂರಲ್ಲಿ ಯಾರಾದರೂ ಹೇಳಿದ್ದಾರಾ?

ಇಷ್ಟು ಆಗೋ ಹೊತ್ತಿಗೆ ದ್ವಿಸದಸ್ಯ ಕ್ಷೇತ್ರಗಳ ಆಯುಷ್ಯ ಮುಗೀತಾ ಬಂದಿತ್ತು. ಕ್ಷೇತ್ರ ಬಹಳ ದೊಡ್ಡದು, ಖರ್ಚು ಹೆಚ್ಚು, ಮತದಾರರಿಗೆ ಗೊಂದಲ, ಈ ಕಾರಣ ಕೊಟ್ಟರು. ಸುಳ್ಳಲ್ಲ. ಆದರೆ ಇನ್ನೊಂದಿತ್ತು. ಆಂಧ್ರದ ಪಾರ್ವತೀಪುರಂ ದ್ವಿಸದಸ್ಯ ಕ್ಷೇತ್ರದಲ್ಲಿ 1957ರಲ್ಲಿ ವಿ.ವಿ. ಗಿರಿ ನಿಂತಿದ್ದರು, ಮುಂದೆ ರಾಷ್ಟ್ರಪತಿಯಾದವರು. ಅಲ್ಲಿ ಮೀಸಲು ಸ್ಥಾನವೂ ಸಾಮಾನ್ಯ ಸ್ಥಾನವೂ ಎರಡೂ ಬುಡಕಟ್ಟಿನ ಅಭ್ಯರ್ಥಿಗಳಿಗೆ ಹೋದವು. ಕಾನೂನೇ ಹಾಗಿತ್ತು: ಮೊದಲು ಮೀಸಲು ಸ್ಥಾನ ತುಂಬಿಸು, ಆಮೇಲೆ ಉಳಿದವರಲ್ಲಿ ಯಾರಿಗೆ ಹೆಚ್ಚೋ ಅವರಿಗೆ ಸಾಮಾನ್ಯ ಸ್ಥಾನ, ಅವರು ಪರಿಶಿಷ್ಟರಾದರೂ ಸರಿ. ಗಿರಿ ಸುಪ್ರೀಂ ಕೋರ್ಟಿನವರೆಗೆ ಹೋದರು. 1959ರಲ್ಲಿ ಕೋರ್ಟು, ಮೀಸಲು ವರ್ಗದವನು ಸಾಮಾನ್ಯ ಸ್ಥಾನಕ್ಕೂ ಅರ್ಹ ಅಂತ ಎತ್ತಿಹಿಡಿಯಿತು. 1961ರಲ್ಲಿ ದ್ವಿಸದಸ್ಯ ಕ್ಷೇತ್ರಗಳನ್ನು ರದ್ದು ಮಾಡುವ ಕಾಯಿದೆ ಬಂತು. ಎರಡು ಘಟನೆ ಒಂದರ ಹಿಂದೆ ಒಂದು. ನಾನು ಹೇಳೋದು ಇಷ್ಟೇ: ನಮ್ಮ ದೊಡ್ಡ ನಾಯಕ ಎರಡು ಸಲ ಅದೇ ಪದ್ಧತಿಯಲ್ಲಿ ಸೋತಾಗ ಯಾರಿಗೂ ಆ ಪದ್ಧತಿ ಬದಲಾಯಿಸೋ ಅವಸರ ಬರಲಿಲ್ಲ.

1962ರಿಂದ ಎಲ್ಲ ಕಡೆ ಒಬ್ಬರೇ. ಬೊಂಬಾಯಿಯ ಆ ಜೋಡಿ ಕ್ಷೇತ್ರ ಹೆಸರು ಬದಲಿಸಿಕೊಂಡು ಎರಡೇ ಚುನಾವಣೆ ಕಂಡು, ಹತ್ತು ವರ್ಷ ಬದುಕಿ ಹೋಯಿತು. ಇವತ್ತು ಮುಂಬೈಯ ಆರು ಲೋಕಸಭಾ ಕ್ಷೇತ್ರಗಳಲ್ಲಿ ಒಂದೂ ಪರಿಶಿಷ್ಟರಿಗೆ ಮೀಸಲಿಲ್ಲ. 2024ರಲ್ಲಿ ಮುಂಬೈ ಉತ್ತರ ಮಧ್ಯ ಅನ್ನೋ ಸಾಮಾನ್ಯ ಕ್ಷೇತ್ರದಿಂದ ವರ್ಷಾ ಗಾಯಕ್‌ವಾಡ್ ಗೆದ್ದರು ಅನ್ನೋದನ್ನೂ ಬರ್ಕೊಳ್ಳಿ.

ಆದರೆ ಆ ಚಾಳುಗಳ ಜನ ಸುಮ್ಮನಿರಲಿಲ್ಲ. ಒಮ್ಮೆ ಬಾಬಾಸಾಹೇಬರ ಜೊತೆಗಿದ್ದ ಆರ್.ಡಿ. ಭಂಡಾರೆ 1967ರಲ್ಲಿ ಕಾಂಗ್ರೆಸ್ಸಿನಿಂದ ಮಧ್ಯ ಬೊಂಬಾಯಿಯಲ್ಲಿ ಗೆದ್ದರು. 1973ರಲ್ಲಿ ಬಿಹಾರದ ರಾಜ್ಯಪಾಲರಾಗಿ ಹೋದರು. ತೆರವಾದ ಸ್ಥಾನಕ್ಕೆ 1974ರ ಜನವರಿಯಲ್ಲಿ ಉಪಚುನಾವಣೆ. ದಲಿತ್ ಪ್ಯಾಂಥರ್ಸ್ ಹುಡುಗರು, ನಿಮ್ಮ ವಯಸ್ಸಿನವರೇ, ಬಹಿಷ್ಕಾರ ಹಾಕಿ ಅಂತ ಕರೆ ಕೊಟ್ಟರು. ಜನವರಿ 5ರಂದು ವರ್ಲಿಯ ಬಿಡಿಡಿ ಚಾಳಿನ ಸಭೆಯಲ್ಲಿ ರಾಜಾ ಢಾಲೆ ಮಾತಾಡ್ತಿದ್ದಾಗ ಕಲ್ಲು ಬಿತ್ತು, ಪೊಲೀಸರು ನುಗ್ಗಿದರು, ಗಲಭೆ ಹಬ್ಬಿತು. ಜನವರಿ 10ರಂದು ಪರೇಲಿನಲ್ಲಿ ಮೆರವಣಿಗೆಯ ಮೇಲೆ ಮೇಲಿಂದ ಕಲ್ಲು ಎತ್ತಿ ಹಾಕಿದರು. ಪ್ಯಾಂಥರ್ ಕಾರ್ಯಕರ್ತ ಭಾಗವತ ಜಾಧವ್ ಸತ್ತರು. ಚುನಾವಣೆಯಲ್ಲಿ ಗೆದ್ದವರು ಕಮ್ಯುನಿಸ್ಟ್ ಪಕ್ಷದ ರೋಜಾ ದೇಶಪಾಂಡೆ, ಡಾಂಗೆಯವರ ಮಗಳು. 1952ರಲ್ಲಿ ಎರಡು ಚೀಟಿ ಹಿಡಿದು ಸಾಲಿನಲ್ಲಿ ನಿಂತ ತಂದೆ ತಾಯಿಯ ಮಕ್ಕಳು, 1974ರಲ್ಲಿ ಒಂದು ಚೀಟಿಯೂ ಬೇಡ ಅಂದರು. ಅವರು ಸರಿಯೋ ತಪ್ಪೋ ಅಂತ ಸಂಜೆ ಚರ್ಚೆಯಲ್ಲಿ ಮಾತಾಡೋಣ, ನನಗೂ ಪೂರ್ತಿ ತೀರ್ಮಾನ ಆಗಿಲ್ಲ.

ಕೊನೆಗೆ ಒಂದು ಕೆಲಸ ಹೇಳ್ತೀನಿ. ಈ ಎರಡು ಚೀಟಿಯ ಚುನಾವಣೆ ನಮ್ಮಲ್ಲೂ ನಡೆದಿದೆ. 1952ರಲ್ಲಿ ಮೈಸೂರು ಲೋಕಸಭಾ ಕ್ಷೇತ್ರದಿಂದ ಇಬ್ಬರು ಹೋದರು: ಕಾಂಗ್ರೆಸ್ಸಿನ ಎನ್. ರಾಚಯ್ಯ, ಕಿಸಾನ್ ಮಜ್ದೂರ್ ಪ್ರಜಾ ಪಕ್ಷದ ಎಂ.ಎಸ್. ಗುರುಪಾದಸ್ವಾಮಿ. ಕೋಲಾರದಿಂದ ಎಂ.ವಿ. ಕೃಷ್ಣಪ್ಪ, ದೊಡ್ಡತಿಮ್ಮಯ್ಯ. ರಜೆಗೆ ಊರಿಗೆ ಹೋದಾಗ ತೊಂಬತ್ತರ ಅಂಚಿನಲ್ಲಿರೋ ಅಜ್ಜಿ ತಾತ ಯಾರಾದರೂ ಸಿಕ್ಕರೆ ಹತ್ತಿರ ಕೂತು ಕೇಳಿ. 1957ರಲ್ಲಿ ಓಟು ಹಾಕಿದ್ಯಾ ತಾತ? ಕೈಗೆ ಎರಡು ಚೀಟಿ ಕೊಟ್ಟಿದ್ರಾ? ಎರಡನೇ ಚೀಟಿ ಯಾವ ಡಬ್ಬಕ್ಕೆ ಹಾಕಿದೆ, ಯಾರು ಹೇಳಿ ಹಾಕಿಸಿದ್ರು, ಪಟೇಲನಾ, ಶಾನುಭೋಗನಾ, ಇಲ್ಲಾ ನೀನೇ ಯೋಚನೆ ಮಾಡಿ ಹಾಕಿದ್ಯಾ? ಅವರು ಹೇಳಿದ್ದನ್ನ ಅವರ ಮಾತಲ್ಲೇ ಬರ್ಕೊಂಡು ಬನ್ನಿ. ಮುಂದಿನ ಶಿಬಿರದಲ್ಲಿ ಓದೋಣ.